ಕುಣಿ ಮುಚ್ಚಬ್ಯಾಡ್ರಿ

ಬೆಟಗೇರಿಯೊಳಗ ಹಳೇ ಮನಿ ತಗೊಂಡೆ,
ಎರಡೂವರಿ ಅಂಕಣದ್ದು.
ಖರೇದಿ ಪತ್ರದಾಗ ಪಡಸಾಲಿ ಇತ್ತು, ಅಡಗಿಮನಿ ಇತ್ತು,
ಹಿತ್ತಲದಾಗಿನ ನುಗ್ಗಿಗಿಡಾನೂ ಇತ್ತು.
ಕುಣಿ ಇರಲಿಲ್ಲ.

ಪಡಸಾಲಿ ನಟ್ಟನಡುವ ತೊಡಿಮಟದ ತಗ್ಗು,
ಮಗ್ಗ ಹೋದ ಮ್ಯಾಲೆ ಉಳದದ್ದು.
ಒಳಗ ಒಡಕ ಕೊಡ, ಖಾಲಿ ಚೀಲ,
ಒಂದ ಬೆಕ್ಕು, ಅದರ ಮೂರ ಮರಿ.

ದಾವಲಸಾಬ ಗೌಂಡಿ ಬಂದ,
ಟೇಪ ಹಿಡದ, ಬೀಡಿ ಆರಿಸಿದ, ಅಂದ:
"ಅರ್ಧಾ ಟ್ರ್ಯಾಕ್ಟರ ಗರಸು ಸಾಕವ್ವಾ.
ತುಂಬಿ, ನೀರ ಹೊಡದು, ಧಮ್ಮಸ ಮಾಡಿ,
ಮ್ಯಾಲ ಟೈಲ್ಸ ಹಾಕಿಬಿಟ್ರ
ಇಲ್ಲಿ ತಗ್ಗಿತ್ತು ಅಂತ
ತಗ್ಗಿಗೇ ನೆಪ್ಪ ಇರೂದಿಲ್ಲ."

ಮಾಳಿಗಿಗೂ ಔಷಧ ಹೇಳಿದ:
ಮಣ್ಣ ತಗದು ಸ್ಲ್ಯಾಬ್ ಹೊಡಸೂದು.
ಬೆಳಕಿಂಡಿ? ಮುಚ್ಚೂದು.
ಮಳಿ ಬರೂದು ಅಲ್ಲಿಂದನ ಅಲ್ಲೇನು?
ನಾ ರೊಕ್ಕ ಎಣಿಸಿದೆ. ಎಣಿಸಿದ್ದು
ಅರ್ಧಾ ಮಾಳಿಗಿಗೂ ಮುಟ್ಟಲಿಲ್ಲ.

ನಾಕ ದಿನ ನೆಲದ ಮ್ಯಾಲ ಅರಿವಿ ಹಾಸಿ
ಕುಬಸಾ ಕತ್ತರಿಸಿದೆ.
ಇಪ್ಪತ್ತೆರಡ ವರ್ಷ ಹಂಗ ಕತ್ತರಿಸೇನಿ,
ಮೊಣಕಾಲ ಊರಿ, ಬೆನ್ನ ಬಗ್ಗಿಸಿ.
ಗಿರಾಕಿಗಳಿಗೆ ನನ್ನ ನೆತ್ತಿ ಗೊತ್ತು,
ಮಾರಿ ಗೊತ್ತಿಲ್ಲ.
ಡಾಕ್ಟರು ಮೇಜ ಮಾಡಸ್ರಿ ಅಂದ್ರು.
ಮೇಜ ಇಟ್ರ ಮಷೀನ ಎಲ್ಲಿ,
ಮಲಗಾಕ ಮಗಳೆಲ್ಲಿ?

ಐದನೇ ದಿನ ಕತ್ತರಿ ಜಾರಿ ಕುಣ್ಯಾಗ ಬಿತ್ತು.
ಇಳದೆ. ಬೆಕ್ಕು ಗುರ್ ಅಂತು.
ಕತ್ತರಿ ಹಿಡಕೊಂಡು ಎದ್ದ ನಿಂತೆ.
ನಿಂತ್ರ
ನೆಲಾ ನನ್ನ ತೊಡಿಗೆ ಬಂದಿತ್ತು.
ಹಾಸಿದ ಗುಳೇದಗುಡ್ಡ ಖಣ ಕೈಯೆದುರಿಗಿತ್ತು.
ಬೆಳಕಿಂಡಿಯಿಂದ ಬಿಸಲು
ವಿಳಾಸ ತಪ್ಪದ ಟಪಾಲಿನಂಗ
ಸೀದಾ ಅರಿವಿ ಮ್ಯಾಲ ಬಿದ್ದಿತ್ತು.

ಯಾರೋ ಲೆಕ್ಕಾ ಹಾಕಿ ಇಟ್ಟ ಕಿಂಡಿ ಅದು.
ಎಳಿ ಹರದ್ರ ಕಾಣಬೇಕು,
ನೆಯ್ಯಾವನ ನೆರಳು
ನೇಯ್ಗಿ ಮ್ಯಾಲ ಬೀಳಬಾರದು.

ಮರದಿನ ಗೌಂಡಿಗೆ ಅಂದೆ:
"ಗರಸು ಬ್ಯಾಡ. ಇನ್ನೊಂದ ಗೇಣು ತೋಡು."
"ಏನಂದಿ?"
"ತೋಡು. ನನ್ನ ಟೊಂಕಕ್ಕ ನೆಲಾ ಬರೂ ಹಂಗ."
ದಾವಲಸಾಬ ಬೀಡಿ ಹಚ್ಚೂದ ಮರತ.
"ನಲವತ್ತ ವರ್ಷ ತಗ್ಗ ತುಂಬೇನಿ.
ಮಂದಿ ಎತ್ತರಕ್ಕ ಮನಿ ಹೊಲಿಯೂದು
ಇದ ಮೊದಲು."
ನನ್ನ ನಿಲ್ಲಿಸಿ ಟೇಪ ಹಿಡದ.
ನಾ ಊರ ಮಂದಿ ಅಳತಿ ತಗೊಳ್ಳಾಕಿ,
ನನ್ನ ಅಳತಿ ಯಾರೂ ತಗೊಂಡಿದ್ದಿಲ್ಲ.

ತೋಡಿದಲ್ಲಿ ತುಕ್ಕ ಹಿಡದ ಲಾಳಿ ಮೂತಿ ಸಿಕ್ತು,
ಬಣ್ಣಾ ಬಿಡದ ಕೆಂಪ ನೂಲಿನ ಉಂಡಿ.
ಅಂಚಿಗೆ ಶಹಾಬಾದ ಫರಸಿ ಕೂಡಿಸಿದ,
ಅರಿವಿ ಜಾರೂ ಅಷ್ಟ ನುಣ್ಣಗ.
ಬೆಳಕಿಂಡಿಗೆ ಕಾಜು, ಕಾಜಿನ ಸುತ್ತ ಡಾಂಬರು.
ಮಾಳಿಗಿಗೆ ಈ ವರ್ಷ ಸವಳ ಮಣ್ಣು;
ಸ್ಲ್ಯಾಬಿನ ಮಾತು ಮುಂದ.
ಬೆಕ್ಕು ಮರಿ ಕಚಗೊಂಡು ಅಟ್ಟ ಏರಿತು,
ಒಂದ ವಾರ ನಮ್ಮ ಮಾರಿ ನೋಡಲಿಲ್ಲ.

ರಾತ್ರಿ ಕುಣಿ ಮ್ಯಾಲ ಹಳೇ ಬಾಗಲಾ ಮುಚ್ಚತೇವಿ,
ಬಾಗಲದ ಮ್ಯಾಲ ಹಾಸಿಗಿ.
"ತೆಳಗ ಅಂಗಡಿ, ಮ್ಯಾಲ ಮಹಡಿ,"
ಅಂತಾಳ ಮಗಳು, ಹೊಚಗೊಂಡು.

ಶ್ರಾವಣದಾಗ ಅಂಬವ್ವ ಬಂದ್ಲು, ಮನಿ ಮಾರಿದಾಕಿ.
ಈಗ ಬಸ್ ಸ್ಟ್ಯಾಂಡ ಹಂತೇಕ ಮಿರ್ಚಿ ಕರೀತಾಳ.
"ಕುಣಿ ಮುಚ್ಚಿದಿ ಅಂದ್ರು,"
ಹೊಸ್ತಿಲದಾಗ ನಿಂತಳು.
ನಾ ಟೊಂಕದಮಟ ನೆಲದಾಗ,
ಸೀಮೆಸುಣ್ಣ ಕೈಯಾಗ.

ನೋಡಿದ್ಲು.
ಅಂಚಿಗೆ ಕುಂತು ಕಾಲ ಇಳಿಬಿಟ್ಟು
ಹೆಬ್ಬೆರಳಲೆ ಗ್ವಾಡಿ ಬುಡಕ ಏನೋ ಹುಡಕಿದ್ಲು.
ತುಳಿಯೂ ಹಲಗಿ ತಾಗಿ ತಾಗಿ ಸವದ ಕಲ್ಲು.
ಗೌಂಡಿ ಅದನ್ನ ತಗದಿರಲಿಲ್ಲ.
ನಾ ಹೇಳಿದ್ದೂ ಅಲ್ಲ.

"ಎಡಗಡಿ ಭಾಳ ಸವದೈತಿ," ಅಂದ್ಲು.
ಸ್ವಲ್ಪ ಹೊತ್ತು ಬಿಟ್ಟು:
"ಬಲಗಾಲ ನೋವಿತ್ತೇನ ಅವಂಗ?
ಒಂದ ದಿನ ಬಾಯಿ ಬಿಡಲಿಲ್ಲ ನೋಡು."

ಆಮ್ಯಾಲ ಚೀಲದಾಗಿಂದ ಖಣ ತಗದು
ಫರಸಿ ಮ್ಯಾಲ ಹರವಿದ್ಲು.
"ತೋಳ ಸಡಲ ಇಡು.
ಎಣ್ಣಿ ಮುಂದಿನ ಕೆಲಸಾ."